ದೇವಯ್ಯ, ಅಜ್ಜಮಾಡ ಬೋಪಯ್ಯ (1932–1965)

ಕೊಡಗಿನ ವಾಯುಪಡೆ ಅಧಿಕಾರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮೀಸಲು ಪೈಲಟ್ ಆಗಿ ಹೊರಟ ಸ್ಕ್ವಾಡ್ರನ್ ಲೀಡರ್ ದೇವಯ್ಯ, ಮಿಸ್ಟೇರ್ ಬಾಂಬರ್-ಯುದ್ಧವಿಮಾನದೊಂದಿಗೆ ಶತ್ರುನೆಲದಲ್ಲಿ ಬಿದ್ದು ಮಡಿದರು. ಕಣ್ಣಾರೆ ಕಂಡ ಸಂಗಾತಿಗಳಿಲ್ಲದ್ದರಿಂದ ಅವರು ‘ಕಾಣೆಯಾದವರು’ ಎಂದಷ್ಟೇ ದಾಖಲಾಯಿತು. ಆದರೆ ಅದು ಬರಿಯ ಪತನವಲ್ಲ. ಶಬ್ದದ ಎರಡುಪಟ್ಟು ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಬೆನ್ನಟ್ಟಿ ಹೊಡೆದಾಗ, ಪೆಟ್ಟು ತಿಂದ ಮಿಸ್ಟೇರನ್ನೇ ತಿರುಗಿಸಿ, ತೀರ ಕೆಳಮಟ್ಟದಲ್ಲಿ ಸೆಣಸಿ ಅದನ್ನು ಉರುಳಿಸಿದರು. ಇದಕ್ಕೆ ಆಧಾರ ಪಾಕಿಸ್ತಾನದ ಕಡೆಯದೇ: ಅಲ್ಲಿನ ಮೂಲಗಳನ್ನು ಆಧರಿಸಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಕೃತಿ. ಎದುರಾಳಿಯ ಮಾತನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಸಹಜ. ಆದರೆ ತನ್ನ ಅತ್ಯುತ್ತಮ ವಿಮಾನದ ನಷ್ಟವನ್ನು ಒಪ್ಪುವುದರಿಂದ ಪಾಕಿಸ್ತಾನಕ್ಕೆ ಲಾಭವೇನೂ ಇರಲಿಲ್ಲ. ಆದ್ದರಿಂದಲೇ ಆ ಸಾಕ್ಷ್ಯಕ್ಕೆ ತೂಕ ಹೆಚ್ಚು. ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್ ಹೊರಜಿಗಿದು ಬದುಕುಳಿದರು. ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ.