ಜಿಡ್ಡು ಕಳೆಯುವ ಕಸುಬು: ಠಾಣೆ ಖಾಡಿಯ ದಡದಲ್ಲಿ ಮೈತೊಳೆವ ಬಗೆ ಬದಲಾದ ಚರಿತ್ರೆ

ಬಚ್ಚಲಮನೆಯ ರೂಢಿಯೂ ಕಾರ್ಖಾನೆಯ ರಸಾಯನಶಾಸ್ತ್ರವೂ ಒಂದೇ ನೆಲದಲ್ಲಿ ಎದುರುಬದುರಾದ ಪ್ರದೇಶಗಳಲ್ಲಿ ಠಾಣೆ ಖಾಡಿ ಎಂಬ ಕಡಲ ಹಿನ್ನೀರಿನ ದಡದಿಂದ ಡೊಂಬಿವಲಿ, ಕಲ್ಯಾಣಗಳವರೆಗೆ ಹಬ್ಬಿರುವ ಪಟ್ಟಿಯೂ ಒಂದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಬಂದು, ಮರುವರ್ಷವೇ ಹಳಿ ಕಲ್ಯಾಣವನ್ನು ಮುಟ್ಟಿದ ಮೇಲೆ, ಮುಂಬಯಿಯಲ್ಲಿ ದುಡಿದು ಅದರಾಚೆ ಮನೆಮಾಡುವ ಬದುಕಿಗೆ ದಾರಿ ತೆರೆಯಿತು; ಮುಂದಿನ ಶತಮಾನದಲ್ಲಿ ಉಡುಪಿ, ಕುಂದಾಪುರ, ಕಾರವಾರ, ಧಾರವಾಡ, ಬಿಜಾಪುರಗಳ ಕಡೆಯ ಕನ್ನಡ ಕುಟುಂಬಗಳು ಈ ಹಳಿಯುದ್ದಕ್ಕೂ ನೆಲೆಯೂರಿದವು, ಡೊಂಬಿವಲಿ ಕರ್ನಾಟಕ ಸಂಘವು ಶಾಲೆಯನ್ನೂ ನಡೆಸುವಷ್ಟು ಬೆಳೆಯಿತು. ಹೀಗೆ ಬಂದವರು ಹಬ್ಬಹುಣ್ಣಿಮೆಗಳ ಜೊತೆಗೆ ಮೈತೊಳೆಯುವ ತಮ್ಮ ಬಗೆಯನ್ನೂ ತಂದರು.

ಆ ಬಗೆಯ ತಿರುಳು ಅದರ ಅನುಕ್ರಮದಲ್ಲಿದೆ: ಮೊದಲು ಎಣ್ಣೆ, ಆಮೇಲೆ ಜಿಡ್ಡು ತೆಗೆಯುವ ಪುಡಿ. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಸ್ನಾನವು ರಾಜಭೋಗಗಳಲ್ಲಿ ಒಂದಾಗಿ ವರ್ಣಿತವಾಗಿದ್ದು, ಅಲ್ಲಿಯೂ ಸುಗಂಧತೈಲದ ಅಭ್ಯಂಜನ ಅದರ ಮುಖ್ಯ ಅಂಗ. ಸಾಮಾನ್ಯರ ಮನೆಗಳಲ್ಲಿ ಹಳೆ ಮೈಸೂರಿನವರು ಸೀಗೆಪುಡಿ, ಚಿಗರೆಪುಡಿ ಬಳಸಿದರೆ, ಕರಾವಳಿಯವರು ದಾಸವಾಳದ ಎಲೆಯನ್ನು ಕಿವುಚಿ ಗೊಂಪು ಮಾಡಿಕೊಳ್ಳುತ್ತಿದ್ದರು. ಕಡಲೆಹಿಟ್ಟು, ಹೆಸರುಹಿಟ್ಟು, ಅಂಟುವಾಳಗಳು ಎಲ್ಲೆಡೆಯೂ ಇದ್ದವು. ನೆರೆಯ ಮರಾಠಿ ಮನೆಗಳಲ್ಲಿ ನರಕಚತುರ್ದಶಿಯ ನಸುಕಿನ ಎಣ್ಣೆಸ್ನಾನಕ್ಕೆ ಉಟಣೆ ಎಂಬ ಸುಗಂಧದ ಪುಡಿ ಇರುತ್ತಿತ್ತಾದ್ದರಿಂದ, ವಲಸೆ ಬಂದ ಕನ್ನಡಿಗರಿಗೆ ಈ ವಿಷಯದಲ್ಲಿ ಪರಕೀಯವೆನಿಸುವಂಥದ್ದು ಹೆಚ್ಚೇನೂ ಇರಲಿಲ್ಲ.

ಸೀಗೆ, ಅಂಟುವಾಳಗಳ ನೊರೆಗೆ ಕಾರಣ ಸಪೋನಿನ್ ಎಂಬ ವಸ್ತು. ಒಂದು ತುದಿ ನೀರಿಗೂ ಇನ್ನೊಂದು ತುದಿ ಎಣ್ಣೆಗೂ ಒಲಿಯುವ, ಹೀಗಾಗಿ ಎಣ್ಣೆಯನ್ನು ನೀರಿನೊಡನೆ ಸಾಗಿಸಬಲ್ಲ ಇಂಥ ಅಣುಗಳಿಗೆ ಸರ್ಫ್ಯಾಕ್ಟಂಟ್ ಎಂದು ಹೆಸರು; ಆದ್ದರಿಂದ ಈ ಕಾಯಿಗಳು ರಾಸಾಯನಿಕವಲ್ಲ, ಸಾಬೂನು ಮಾತ್ರ ರಾಸಾಯನಿಕ ಎಂಬ ಇಂದಿನ ಜಾಹೀರಾತಿನ ಮಾತು ನಿಲ್ಲುವುದಿಲ್ಲ. ವ್ಯತ್ಯಾಸವಿದ್ದದ್ದು ಪ್ರಮಾಣದಲ್ಲಿ ಮತ್ತು ಕ್ರಮದಲ್ಲಿ. ಮೈಮೇಲೆ ಮೊದಲೇ ಹಚ್ಚಿದ ಎಣ್ಣೆಯನ್ನು ತೆಗೆಯುವುದರಲ್ಲೇ ಪುಡಿಯ ಶಕ್ತಿ ಬಹುಮಟ್ಟಿಗೆ ವ್ಯಯವಾಗಿ, ಸ್ವಲ್ಪ ಎಣ್ಣೆ ಉಳಿದೂ ಹೋಗುತ್ತಿತ್ತು.

ಸಾಬೂನು ಈ ಕ್ರಮವನ್ನು ಮುರಿಯಿತು. 1888ರಲ್ಲಿ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಕಲ್ಕತ್ತದ ಬಂದರಿನಲ್ಲಿ ಇಳಿದವು. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನವು ಗಂಧದೆಣ್ಣೆಯನ್ನು ತಾನೇ ತೆಗೆದು, ರಸಾಯನಜ್ಞ ಎಸ್.ಜಿ. ಶಾಸ್ತ್ರಿಯವರ ನೆರವಿನಿಂದ ಮೈಸೂರು ಸ್ಯಾಂಡಲ್ ಸೋಪನ್ನು ಹೊರತಂದಿತು. ಮಹಾರಾಷ್ಟ್ರದಲ್ಲಿ ಟಾಟಾ ಆಯಿಲ್ ಮಿಲ್ಸ್‌ನ ಮೋತಿ ಸಾಬೂನು ದೀಪಾವಳಿಯ ಅಭ್ಯಂಗಕ್ಕೇ ಸೇರಿಹೋದದ್ದು, ಕೈಗಾರಿಕೆಯೊಂದು ಆಚರಣೆಯೊಳಗೆ ಎಷ್ಟು ಆಳಕ್ಕೆ ಇಳಿಯಬಲ್ಲದೆಂಬುದಕ್ಕೆ ನಿದರ್ಶನ. ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ ಕಾಯಿಸಿದ ಸಾಬೂನಿನ ದ್ರಾವಣದ ಕ್ಷಾರತೆ ಪಿಎಚ್ ಮಾನದಲ್ಲಿ 9ರಿಂದ 10ರಷ್ಟಿದ್ದರೆ, ಆರೋಗ್ಯಕರ ಚರ್ಮದ ಮೇಲ್ಮೈ 5ರ ಆಸುಪಾಸಿನಲ್ಲಿ ಆಮ್ಲೀಯವಾಗಿರುತ್ತದೆ. ಬಿಜಾಪುರ, ರಾಯಚೂರು ಕಡೆಯ ಗಡಸು ನೀರಿನಲ್ಲಿ ಸುಣ್ಣದಂಶದೊಡನೆ ಸೇರಿ ಗಸಿಯಾಗಿ ಕೂರುತ್ತಿದ್ದ ಸಾಬೂನು, ಈ ಪಟ್ಟಿಗೆ ನೀರೊದಗಿಸುವ, ಮಳೆನೀರು ತುಂಬಿದ ಬಾರ್ವಿ ಅಣೆಕಟ್ಟಿನ ಮೆದು ನೀರಿನಲ್ಲಿ ಧಾರಾಳವಾಗಿ ನೊರೆಗಟ್ಟಿತು.

ಗಸಿಯ ತೊಡಕಿಲ್ಲದ ಕೃತಕ ಸರ್ಫ್ಯಾಕ್ಟಂಟ್‌ಗಳ ಕಾಲಕ್ಕೆ ಈ ಪಟ್ಟಿಯೇ ತಯಾರಿಕೆಯ ಕೇಂದ್ರಗಳಲ್ಲಿ ಒಂದಾಯಿತು. 1962ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾಭಿವೃದ್ಧಿ ನಿಗಮ, ಜನರ ಬಾಯಲ್ಲಿ ಎಂಐಡಿಸಿ, ಠಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿ, ಠಾಣೆ–ಬೇಲಾಪುರ ರಸ್ತೆ, ತಳೋಜಾಗಳಲ್ಲಿ ಕಾರ್ಖಾನೆಗಳಿಗೆ ನೆಲ ಸಿದ್ಧಪಡಿಸಿತು. 1968ರಲ್ಲಿ ಬೇಲಾಪುರ ರಸ್ತೆಯ ನೋಸಿಲ್ ಪೆಟ್ರೋರಾಸಾಯನಿಕ ಸ್ಥಾವರ ಆರಂಭವಾಯಿತು. 1980ರಲ್ಲಿ ಹುಟ್ಟಿದ ಗ್ಯಾಲಕ್ಸಿ ಸರ್ಫ್ಯಾಕ್ಟಂಟ್ಸ್ ಮುಂದೆ ನವಿ ಮುಂಬಯಿಯ ಪಾವಣೆಯಲ್ಲಿ ಕಚೇರಿಯನ್ನೂ ತಳೋಜಾದಲ್ಲಿ ಕಾರ್ಖಾನೆಯನ್ನೂ ಹೊಂದಿ, ಶಾಂಪೂ ಮತ್ತು ಮೈತೊಳೆವ ದ್ರವಗಳ ಕಂಪನಿಗಳಿಗೆ ನೊರೆಯ ಮೂಲದ್ರವ್ಯ ಒದಗಿಸುವ ದೊಡ್ಡ ಸಂಸ್ಥೆಯಾಯಿತು. ಈ ಕಸುಬಿನ ಒಂದು ಮುಖ್ಯ ಕಚ್ಚಾವಸ್ತು ಹನ್ನೆರಡು ಇಂಗಾಲಗಳ ಸರಪಳಿಯ ಲಾರಿಲ್ ಆಲ್ಕೋಹಾಲ್. ಅದರ ಆಕರ ತೆಂಗಿನ ಎಣ್ಣೆ ಮತ್ತು ತಾಳೆಬೀಜದ ಎಣ್ಣೆ. ಕರಾವಳಿಯ ತಾಯಂದಿರು ಕೂಸಿನ ಮೈಗೆ ತಿಕ್ಕುತ್ತಿದ್ದ ತೆಂಗಿನೆಣ್ಣೆಯ ಅದೇ ಸರಪಳಿಯ ತುದಿಗೆ ಗಂಧಕದ ಗುಂಪೊಂದು ಅಂಟಿದರೆ ಸೋಡಿಯಂ ಲಾರಿಲ್ ಸಲ್ಫೇಟ್ ಆಗುತ್ತದೆ. ಇದು ಎಷ್ಟು ಖಚಿತವಾಗಿ ಚರ್ಮವನ್ನು ಕೆರಳಿಸುತ್ತದೆಂದರೆ, ಚರ್ಮವೈದ್ಯರು ತಮ್ಮ ಪರೀಕ್ಷೆಗಳಲ್ಲಿ ಇದನ್ನೇ ಅಳತೆಗೋಲಾಗಿ ಬಳಸುತ್ತಾರೆ.

ಕೆರಳಿಕೆ ನಡೆಯುವುದು ಚರ್ಮದ ತೀರಾ ಹೊರಗಿನ, ಕೂದಲೆಳೆಗಿಂತ ತೆಳುವಾದ ಶೃಂಗಪದರದಲ್ಲಿ. ಸತ್ತ ಜೀವಕೋಶಗಳು ಇಟ್ಟಿಗೆಗಳಂತೆಯೂ, ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳು ನಡುವಿನ ಗಾರೆಯಂತೆಯೂ ಇರುವ ಈ ಗೋಡೆಯೇ ಒಳಗಿನ ನೀರನ್ನು ತಡೆದಿಡುತ್ತದೆ. ಒಳಹೊಕ್ಕ ಸರ್ಫ್ಯಾಕ್ಟಂಟ್ ಅಣು ಜೀವಕೋಶಗಳ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿ ಅದನ್ನು ಉಬ್ಬಿಸುತ್ತದೆ, ಕೊಬ್ಬಿನ ಪದರಗಳ ಜೋಡಣೆಯನ್ನು ಕದಡುತ್ತದೆ, ನೀರನ್ನು ಹಿಡಿದಿಡುವ ಅಮೈನೋ ಆಮ್ಲಗಳಂಥ ಸಹಜ ತೇವಾಂಶಕಗಳು ತೊಳೆದುಹೋಗಲು ದಾರಿಮಾಡುತ್ತದೆ. ಸ್ನಾನವಾದ ಗಳಿಗೆಯಲ್ಲಿ ಚರ್ಮ ಮೃದುವೆನಿಸಿ, ನೀರು ಆರಿದ ಮೇಲೆ ಬಿಗಿದು ಬಿಳಿಚಿಕೊಳ್ಳುವುದು ಇದರಿಂದಲೇ. ಹಳೆಯ ಪದರವನ್ನು ಉದುರಿಸುವ ಕಿಣ್ವಗಳಿಗೂ ನೀರು ಬೇಕಾದ್ದರಿಂದ, ತೇವ ತಗ್ಗಿದಾಗ ಆ ಪದರ ಹೊಟ್ಟಾಗಿ ಏಳುತ್ತದೆ.

ಬಹುಕಾಲ ಬಿಡಿಸಲಾಗದೆ ಉಳಿದ ಒಗಟೊಂದಿತ್ತು. ದ್ರಾವಣದ ಸಾಂದ್ರತೆ ಒಂದು ಮಿತಿ ಮೀರಿದಾಗ ಹೆಚ್ಚುವರಿ ಅಣುಗಳು ಬಿಡಿಯಾಗಿ ಇರದೆ, ಎಣ್ಣೆಗೊಲಿದ ತುದಿಗಳನ್ನು ಒಳಗಿಟ್ಟುಕೊಂಡು ಮೈಸೆಲ್ ಎಂಬ ಗೋಳಗಳಾಗಿ ಗುಂಪುಗೂಡುತ್ತವೆ. ಇಂಥ ಗೋಳ ಚರ್ಮದೊಳಗೆ ನುಸುಳಲಾರದಷ್ಟು ದೊಡ್ಡದೆಂದು ನಂಬಲಾಗಿತ್ತು. ಹಾಗಿದ್ದರೆ ಆ ಮಿತಿಯ ಮೇಲೆ ಹಾನಿ ಏರಬಾರದು, ಆದರೆ ಏರುತ್ತಲೇ ಇತ್ತು. 2003ರಲ್ಲಿ ಅಮೆರಿಕದ ಸಂಶೋಧಕರಾದ ಮೂರ್, ಪುವ್ವಾಡ, ಬ್ಲಾಂಕ್‌ಶ್ಟೈನ್ ಅವರು ಪ್ರಕಟಿಸಿದ ಅಧ್ಯಯನವು ಸೋಡಿಯಂ ಲಾರಿಲ್ ಸಲ್ಫೇಟಿನ ಮೈಸೆಲ್‌ಗಳು ಶೃಂಗಪದರದ ಜಲಮಾರ್ಗಗಳಲ್ಲಿ ತೂರುವಷ್ಟು ಚಿಕ್ಕವೆಂದೂ, ಪಾಲಿಎಥಿಲೀನ್ ಆಕ್ಸೈಡ್ ಬೆರೆಸಿ ಅವುಗಳ ಗಾತ್ರ ಹಿಗ್ಗಿಸಿದರೆ ಆ ದಾರಿ ಮುಚ್ಚುತ್ತದೆಂದೂ ತೋರಿಸಿತು. ಸೌಮ್ಯತೆ ಎಂದರೆ ಕೇವಲ ಬಲಹೀನತೆ ಅಲ್ಲ, ಅಣುಗಳು ಗುಂಪುಗೂಡುವ ರೀತಿಯೂ ಹೌದು ಎಂಬ ಈ ತಿಳಿವಳಿಕೆಯು ಈ ಕಸುಬಿನ ಚರಿತ್ರೆಯಲ್ಲಿ ಹೊಸ ಕಾರ್ಖಾನೆಗಳ ಸ್ಥಾಪನೆಗಿಂತ ದೊಡ್ಡ ಘಟನೆ.

ಉದ್ಯಮವು ಅನುಭವದಿಂದ ಆ ದಿಕ್ಕಿನಲ್ಲಿ ಮೊದಲೇ ಸಾಗಿತ್ತು. ಲಾರಿಲ್ ಸರಪಳಿಗೂ ಸಲ್ಫೇಟಿಗೂ ನಡುವೆ ಎಥಿಲೀನ್ ಆಕ್ಸೈಡಿನ ಕೆಲವು ಕೊಂಡಿಗಳನ್ನು ಸೇರಿಸಿದ ಲಾರೆತ್ ಸಲ್ಫೇಟ್ ಶಾಂಪೂಗಳಲ್ಲಿ ಹಳೆಯದರ ಜಾಗ ಹಿಡಿಯಿತು. 1957ರಲ್ಲಿ ಅಮೆರಿಕದಲ್ಲಿ ಬಂದ ಡವ್ ಎಂಬ ಸ್ನಾನದ ಬಿಲ್ಲೆ ಕ್ಷಾರವಿಲ್ಲದ ಐಸೆಥಿಯೊನೇಟ್ ಎಂಬ ಸರ್ಫ್ಯಾಕ್ಟಂಟನ್ನು ಆಧರಿಸಿತ್ತು. ಈಚೆಗೆ ತೆಂಗಿನ ಕೊಬ್ಬಿನಾಮ್ಲವನ್ನು ಗ್ಲೈಸಿನ್ ಎಂಬ ಅಮೈನೋ ಆಮ್ಲದೊಡನೆ ಬೆಸೆದ ಗ್ಲೈಸಿನೇಟ್‌ಗಳನ್ನು ಗ್ಯಾಲಕ್ಸಿಯೂ ತಯಾರಿಸುತ್ತದೆ. ಆದರೆ ಡೊಂಬಿವಲಿಯ ಅಂಗಡಿಯಲ್ಲಿ ಸಾಬೂನು ಕೊಳ್ಳುವವರ ಕೈಗೆ ಸಿಗುವ ಅಳತೆ ಇಂದಿಗೂ ಹಳೆಯದೇ: ಭಾರತೀಯ ಮಾನಕ 2888ರ ಪ್ರಕಾರ ಮೊದಲ ದರ್ಜೆಯ ಸಾಬೂನಿನಲ್ಲಿ ಒಟ್ಟು ಕೊಬ್ಬಿನಂಶ ಕನಿಷ್ಠ ಶೇಕಡ 76 ಇರಬೇಕು. ಈ ಅಂಕಿ ಸಾಬೂನಿನ ಶುದ್ಧತೆಯನ್ನು ಹೇಳುತ್ತದೆ. ಅದರ ಕ್ಷಾರತೆಯನ್ನಾಗಲಿ, ಅದು ಚರ್ಮದ ಗೋಡೆಯೊಳಗೆ ಎಷ್ಟು ದೂರ ಹೋಗುತ್ತದೆಂಬುದನ್ನಾಗಲಿ ಹೇಳುವುದಿಲ್ಲ.