ನೋಯುವ ನರಕ್ಕೆ ವೈರಸ್ ಮದ್ದು: ಐವತ್ತು ವರ್ಷಗಳ ಹುಡುಕಾಟ ಎಲ್ಲಿಗೆ ಬಂತು?

ಗಾಯ ಮಾಗಿದ ಮೇಲೂ ನೋವು ಮಾಗದಿದ್ದರೆ ಅದು ಬಹುಪಾಲು ನರದ ನೋವು. ಸಕ್ಕರೆ ಕಾಯಿಲೆಯವರ ಅಂಗಾಲಿನ ಉರಿ, ಸರ್ಪಸುತ್ತಿನ ಗುಳ್ಳೆ ಒಣಗಿ ತಿಂಗಳುಗಳಾದರೂ ಪಕ್ಕೆಯಲ್ಲಿ ಉಳಿಯುವ ಚುಚ್ಚು, ಕೀಮೋ ಚಿಕಿತ್ಸೆ ಮುಗಿದ ಮೇಲೂ ಬೆರಳ ತುದಿ ಬಿಡದ ಜೋಮು, ಬೆನ್ನುಹುರಿಗೆ ಪೆಟ್ಟಾದವರನ್ನು ವರ್ಷಗಟ್ಟಲೆ ಕಾಡುವ ಸೆಳೆತ, ಇವೆಲ್ಲ ಒಂದೇ ಕುಲದವು. ಇಲ್ಲಿ ಕೆಟ್ಟಿರುವುದು ಚರ್ಮವಲ್ಲ, ಮೂಳೆಯಲ್ಲ, ನೋವಿನ ಸುದ್ದಿ ಒಯ್ಯುವ ನರವೇ. ಹೊದಿಕೆಯ ಅಂಚು ತಾಗಿದರೂ ಕೆಂಡ ತಾಗಿದಂತಾಗುತ್ತದೆ. ನೂರು ಜನರಲ್ಲಿ 7ರಿಂದ 10 ಮಂದಿಗೆ ಇಂಥ ನೋವಿದೆ ಎಂಬುದು ಸಮೀಕ್ಷೆಗಳ ಅಂದಾಜು.

ಇದಕ್ಕೆ ಮಾತ್ರೆಗಳಿಲ್ಲವೆಂದಲ್ಲ. ಆದರೆ 2015ರಲ್ಲಿ 'ಲ್ಯಾನ್ಸೆಟ್ ನ್ಯೂರಾಲಜಿ'ಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಲೆಕ್ಕ ನೋಡಿ: ಹೆಚ್ಚು ಬಳಕೆಯಲ್ಲಿರುವ ಪ್ರೆಗಾಬಲಿನ್ ಅನ್ನು ಸುಮಾರು ಎಂಟು ಮಂದಿಗೆ ಕೊಟ್ಟರೆ, ಅದರ ದೆಸೆಯಿಂದಲೇ ನೋವು ಅರ್ಧಕ್ಕಿಳಿಯುವುದು ಒಬ್ಬರಿಗೆ. ಹಳೆಯ ಅಮಿಟ್ರಿಪ್ಟಿಲಿನ್ ಜಾತಿಯ ಮಾತ್ರೆಗಳು ಇದಕ್ಕಿಂತ ವಾಸಿ, ಆದರೆ ಮಂಪರು, ಬಾಯಿ ಒಣಗುವುದು ಜೊತೆಗೇ ಬರುತ್ತವೆ. ನುಂಗಿದ ಮಾತ್ರೆ ರಕ್ತದಲ್ಲಿ ಬೆರೆತು ಮೈಯೆಲ್ಲ ಹರಡುತ್ತದೆ, ನೋಯುವ ನರವೊಂದನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಹಾಗೆ ಹುಡುಕಿಕೊಂಡು ಹೋಗಬಲ್ಲ ಮದ್ದು ಬೇಕೆಂಬ ಹಂಬಲ ವಿಜ್ಞಾನಿಗಳನ್ನು ವೈರಸ್ಸಿನ ಬಳಿಗೆ ಒಯ್ದಿತು. ಆ ಹುಡುಕಾಟವನ್ನು ಮೊದಲಿನಿಂದ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವೈರಸ್ಸನ್ನು ನರಕ್ಕೆ ಕಳಿಸುವ ವಿದ್ಯೆ ಸಾಕಷ್ಟು ಬೇಗ ಕೈಗೆ ಬಂತು. ಯಾವ ಜೀನನ್ನು ಹೊರಿಸಿ ಕಳಿಸಬೇಕು, ನೋವು ನಿಜಕ್ಕೂ ತಗ್ಗಿತೆಂದು ಹೇಗೆ ಅರಿಯಬೇಕು ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ.

ನರದಲ್ಲಿ ಮನೆ ಮಾಡುವ ವೈರಸ್

ಜ್ವರ ಬಂದುಹೋದಾಗ ತುಟಿಯಂಚಿನಲ್ಲಿ ಏಳುವ ಗುಳ್ಳೆಗೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್. ಗುಳ್ಳೆ ಒಣಗುತ್ತದೆ, ಆದರೆ ವೈರಸ್ ಮೈಬಿಟ್ಟು ಹೋಗುವುದಿಲ್ಲ. ಚರ್ಮದಿಂದ ನರದ ತಂತುವಿನೊಳಗೆ ನುಸುಳಿ, ಮೇಲೇರಿ, ನರಕೋಶಗಳ ಗಂಟಿನಲ್ಲಿ ಸದ್ದಿಲ್ಲದೆ ನೆಲೆಸುತ್ತದೆ. ಸರ್ಪಸುತ್ತು ತರುವ ವೈರಸ್ಸೂ ಇದೇ ಮನೆತನದ್ದು. 1971ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾಕ್ ಸ್ಟೀವನ್ಸ್ ಮತ್ತು ಮಾರ್ಜರಿ ಕುಕ್ ಇಲಿಯ ಅಂಗಾಲಿಗೆ ಹರ್ಪಿಸ್ ಸೋಂಕು ಹತ್ತಿಸಿ, ಅದು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ಕೂತದ್ದನ್ನು ತೋರಿಸಿದರು. ಚರ್ಮದ ಪ್ರತಿ ಪಟ್ಟಿಯ ನೋವಿನ ಸುದ್ದಿಯೂ ಬೆನ್ನುಹುರಿಗೆ ಸೇರುವುದು ಈ ಗಂಟುಗಳ ಮೂಲಕವೇ. ಅಂದರೆ ನೋವಿನ ದಾರಿಯನ್ನು ನಾವು ಹುಡುಕುವ ಮೊದಲೇ ವೈರಸ್ ಹುಡುಕಿಕೊಂಡಿತ್ತು.

ಅದೇ ದಶಕದಲ್ಲಿ ಇನ್ನೊಂದು ತುದಿಯಿಂದಲೂ ಬೆಳಕು ಬಿತ್ತು. 1973ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಮಿದುಳಿನಲ್ಲಿ ಅಫೀಮನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ ಎಂದು ತೋರಿಸಿದರು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೋಸ್ಟರ್ಲಿಟ್ಸ್, ಆ ಗ್ರಾಹಕಗಳಿಗಾಗಿ ದೇಹವೇ ತಯಾರಿಸುವ ಎನ್‌ಕೆಫಲಿನ್ ಎಂಬ ಪುಟ್ಟ ಪೆಪ್ಟೈಡನ್ನು ಪತ್ತೆ ಮಾಡಿದರು. ನರಗಂಟಿಗೆ ತಾನಾಗಿ ಹೋಗುವ ವೈರಸ್, ನೋವಿಳಿಸುವ ದೇಹದ್ದೇ ರಸ: ಎರಡನ್ನೂ ಕೂಡಿಸುವ ಯೋಚನೆ ಬಂದದ್ದರಲ್ಲಿ ಅಚ್ಚರಿಯಿಲ್ಲ.

ಮೊದಲ ಹೆಜ್ಜೆ, ಮೊದಲ ಮುಗ್ಗರಿಕೆ

1999ರಲ್ಲಿ ಸ್ಟೀವನ್ ವಿಲ್ಸನ್, ಡೇವಿಡ್ ಯೋಮನ್ಸ್ ಮತ್ತು ಸಂಗಡಿಗರು ಎನ್‌ಕೆಫಲಿನ್ ಜೀನ್ ಹೊತ್ತ ಹರ್ಪಿಸ್ ವೈರಸ್ಸನ್ನು ಇಲಿಯ ಪಾದದ ಚರ್ಮಕ್ಕೆ ಹಚ್ಚಿದರು. ಆಮೇಲೆ ಮೆಣಸಿನಕಾಯಿಯ ಖಾರದ ಸತ್ವ ಕ್ಯಾಪ್ಸೈಸಿನ್ ಸವರಿದರೂ ಆ ಪಾದ ಅತಿಯಾಗಿ ಸೂಕ್ಷ್ಮಗೊಳ್ಳಲಿಲ್ಲ. ಪರಿಣಾಮ ಏಳು ವಾರವಾದರೂ ಉಳಿಯಿತು. ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿತ್ತು. ಬಿಸಿ ತಾಗಿದರೆ ಕಾಲು ಹಿಂದೆಳೆದುಕೊಳ್ಳುವ ಸಹಜ ಪ್ರತಿಕ್ರಿಯೆ ಮೊದಲಿನಂತೆಯೇ ಇತ್ತು. ಬೇಡದ ನೋವು ಅಡಗಿತ್ತು, ಬೇಕಾದ ನೋವು ಉಳಿದಿತ್ತು.

ಪಿಟ್ಸ್‌ಬರ್ಗಿನ ಜೋಸೆಫ್ ಗ್ಲೋರಿಯೊಸೊ, ಮಿಚಿಗನ್ನಿನ ಡೇವಿಡ್ ಫಿಂಕ್ ಮತ್ತು ಮರೀನಾ ಮಾತಾ ಈ ದಾರಿಯನ್ನು ಮನುಷ್ಯರವರೆಗೆ ತಂದರು. ವೈರಸ್ ಸಂತತಿ ಬೆಳೆಸದಂತೆ ಅದರ ಅಗತ್ಯ ಜೀನ್ ಕತ್ತರಿಸಿ, ಅಲ್ಲಿ ಮನುಷ್ಯನ ಎನ್‌ಕೆಫಲಿನ್ ಜೀನ್ ಸೇರಿಸಿದರು. ಅದಕ್ಕೆ ಎನ್‌ಪಿ2 ಎಂದು ಹೆಸರಿಟ್ಟರು. ಯಾವ ಮಾತ್ರೆಗೂ ಬಗ್ಗದ ಕ್ಯಾನ್ಸರ್ ನೋವಿದ್ದ ಹತ್ತು ಮಂದಿಗೆ, ನೋಯುವ ಜಾಗದ ಚರ್ಮದಲ್ಲೇ ಸೂಜಿಮದ್ದು ಹಾಕಿದರು. 2011ರಲ್ಲಿ ಪ್ರಕಟವಾದ ಫಲಿತಾಂಶ ಹುಮ್ಮಸ್ಸು ತಂದಿತು. ಗಂಭೀರ ಅಡ್ಡಪರಿಣಾಮ ಇರಲಿಲ್ಲ. ಕಡಿಮೆ ಪ್ರಮಾಣ ಪಡೆದವರಿಗೆ ಹೇಳಿಕೊಳ್ಳುವ ಗುಣ ಕಾಣಲಿಲ್ಲ, ಹೆಚ್ಚು ಪ್ರಮಾಣ ಪಡೆದವರು ನೋವು ಬಹಳ ಇಳಿಯಿತೆಂದರು.

ಆದರೆ ಆ ಹತ್ತು ಮಂದಿಗೂ ತಮಗೆ ಸಿಕ್ಕಿರುವುದು ಮದ್ದು ಎಂದು ಗೊತ್ತಿತ್ತು. ಮುಂದೆ ಸ್ವೀಡನ್ನಿನ ಡಯಾಮಿಡ್ ಕಂಪನಿ ಎರಡನೇ ಹಂತದಲ್ಲಿ ಕೆಲವರಿಗೆ ಮದ್ದು, ಕೆಲವರಿಗೆ ಹುಸಿಮದ್ದು ಕೊಟ್ಟು ಹೋಲಿಸಿದಾಗ ಎರಡರ ನಡುವೆ ನಂಬುವಂಥ ವ್ಯತ್ಯಾಸ ಕಾಣಲಿಲ್ಲ. ನೋವಿನ ಸಂಶೋಧನೆಯಲ್ಲಿ ಇದು ಪದೇಪದೇ ಎದುರಾಗುವ ಗೋಡೆ. ತಜ್ಞರ ಗಮನ, ಸೂಜಿ, ಆಸೆ, ಇವಿಷ್ಟೇ ಅನೇಕರ ನೋವನ್ನು ತಗ್ಗಿಸುತ್ತವೆ. ಆ ತಗ್ಗಿಗಿಂತ ಕೆಳಗೆ ಇಳಿಸಿ ತೋರಿಸದ ಹೊರತು ಮದ್ದು ಮದ್ದೆನಿಸದು.

ಸಣ್ಣ ವೈರಸ್, ದೊಡ್ಡ ಸಂಚಾರ

ಹರ್ಪಿಸ್ ದೊಡ್ಡ ವೈರಸ್. ಅದರ ಜೀನ್ ಬರಹ ಸುಮಾರು 1,52,000 ಅಕ್ಷರಗಳಷ್ಟು ಉದ್ದ. ಹೊರೆ ಹೆಚ್ಚು ಹೊರುತ್ತದೆ, ಆದರೆ ಅದರಲ್ಲಿ ಜೀನ್ ಬಹುಕಾಲ ಚುರುಕಾಗಿ ಉಳಿಯುವಂತೆ ಮಾಡುವುದು ಕಷ್ಟ. ಅಷ್ಟರಲ್ಲಿ ಎಎವಿ ಎಂಬ ಇನ್ನೊಂದು ವೈರಸ್ ಪ್ರಯೋಗಾಲಯಗಳನ್ನು ಗೆದ್ದಿತ್ತು. 1965ರಲ್ಲಿ ಅಡಿನೋವೈರಸ್ ಮಾದರಿಗಳಲ್ಲಿ ಕಲಬೆರಕೆಯಾಗಿ ಸಿಕ್ಕಿದ ಇದು ಬರೀ 25 ನ್ಯಾನೋಮೀಟರ್ ಗಾತ್ರದ್ದು. ತಾನಾಗಿ ರೋಗ ತರುವುದೆಂದು ತಿಳಿದುಬಂದಿಲ್ಲ. ಜೀನ್ ಬರಹದ ಸುಮಾರು 4,700 ಅಕ್ಷರಗಳಿಗಿಂತ ಹೆಚ್ಚನ್ನು ಇದು ಹೊರಲಾರದು. ಆದರೆ ವಿಭಜನೆಯಾಗದ ನರಕೋಶವನ್ನು ಒಮ್ಮೆ ಹೊಕ್ಕರೆ ಅದು ತಂದ ಜೀನ್ ವರ್ಷಗಟ್ಟಲೆ ಕೆಲಸ ಮಾಡಬಲ್ಲದು.

1999ರ ಸೆಪ್ಟೆಂಬರಿನಲ್ಲಿ ಪೆನ್ಸಿಲ್ವೇನಿಯಾದಲ್ಲಿ, ಯಕೃತ್ತಿನ ಕಿಣ್ವದ ಕೊರತೆಗೆ ಅಡಿನೋವೈರಸ್ ಚಿಕಿತ್ಸೆ ಪಡೆದ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ದೇಹದ ರೋಗನಿರೋಧಕ ಶಕ್ತಿಯ ಕೆರಳಿಕೆಯಿಂದ ತೀರಿಕೊಂಡ. ಆ ಸಾವು ಇಡೀ ಜೀನ್ ಚಿಕಿತ್ಸಾ ಕ್ಷೇತ್ರವನ್ನೇ ವರ್ಷಗಟ್ಟಲೆ ಹಿಂದಕ್ಕೆ ಜಗ್ಗಿತು. ಅದು ಚೇತರಿಸಿಕೊಂಡದ್ದು ಮುಖ್ಯವಾಗಿ ಎಎವಿಯಿಂದಲೇ. ಅಮೆರಿಕದಲ್ಲಿ 2017ರಲ್ಲಿ ಅನುವಂಶೀಯ ಕುರುಡಿನ ಒಂದು ಬಗೆಗೆ, 2019ರಲ್ಲಿ ಮಕ್ಕಳ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಗೆ ಎಎವಿ ಚಿಕಿತ್ಸೆಗಳು ಮಂಜೂರಾದವು. ಇತ್ತ ಹರ್ಪಿಸ್ಸೂ ಮೂಲೆಗೆ ಸರಿಯಲಿಲ್ಲ. ಚರ್ಮ ಬೊಬ್ಬೆಯೇಳುವ ಒಂದು ಜನ್ಮಜಾತ ರೋಗಕ್ಕೆ ಹರ್ಪಿಸ್ ಆಧಾರಿತ ಲೇಪ 2023ರಲ್ಲಿ ಒಪ್ಪಿಗೆ ಪಡೆಯಿತು.

ಸಡಿಲಾದ ಬ್ರೇಕ್ ಬಿಗಿಯುವುದು

ವಾಹಕ ಬದಲಾದಂತೆ ಗುರಿಯೂ ಬದಲಾಯಿತು. ಬೆನ್ನುಹುರಿಯ ಹಿಂಬದಿಯ ಪದರ ನೋವಿನ ಸುದ್ದಿಯನ್ನು ಸೋಸಿ ಮಿದುಳಿಗೆ ಬಿಡುತ್ತದೆ ಎಂದು 1965ರಲ್ಲೇ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ತಮ್ಮ 'ಗೇಟ್ ಕಂಟ್ರೋಲ್' ಸಿದ್ಧಾಂತದಲ್ಲಿ ಹೇಳಿದ್ದರು. ಅಲ್ಲಿ ಉದ್ರೇಕಿಸುವ ಕೋಶಗಳಿವೆ, ಗಾಬಾ ಎಂಬ ರಾಸಾಯನಿಕ ಸುರಿಸಿ ತಡೆಯುವ ಕೋಶಗಳೂ ಇವೆ. ನರಕ್ಕೆ ಪೆಟ್ಟಾದಾಗ ಗಾಬಾದ ಹಿಡಿತ ಸಡಿಲುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಗಾಡಿಯಂತೆ ಸಣ್ಣ ಸ್ಪರ್ಶವೂ ದೊಡ್ಡ ನೋವಾಗಿ ನುಗ್ಗುತ್ತದೆ. ಹೊರಗಿನಿಂದ ನೋವುನಿವಾರಕ ಸೇರಿಸುವ ಬದಲು ಕಳೆದುಹೋದ ತಡೆಯನ್ನೇ ಮರಳಿಸಬಾರದೇಕೆ?

2005ರಲ್ಲಿ ಫಿಂಕ್ ಮತ್ತು ಮಾತಾ ತಂಡ ಗಾಬಾ ತಯಾರಿಸುವ ಕಿಣ್ವದ ಜೀನನ್ನು ಹರ್ಪಿಸ್ ಮೂಲಕ ಕಳಿಸಿ ಇಲಿಗಳಲ್ಲಿ ನರನೋವು ತಗ್ಗಿಸಿತು. 2022ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದ ಮಾರ್ಟಿನ್ ಮಾರ್ಸಾಲಾ ತಂಡ ಇದಕ್ಕಿಂತ ದಿಟ್ಟ ಹೆಜ್ಜೆ ಇಟ್ಟಿತು. ಬೆನ್ನುಹುರಿಗೆ ಅಂಟಿಕೊಂಡಿರುವ ತೆಳುಪೊರೆಯಡಿ ಎಎವಿ ಚುಚ್ಚಿ, ಗಾಬಾ ತಯಾರಿಸುವ ಜೀನನ್ನೂ ಅದನ್ನು ತುಂಬಿ ಹೊರಬಿಡುವ ಜೀನನ್ನೂ ಒಟ್ಟಿಗೆ ಕಳಿಸಿತು. ನೋವು ದಾಟಿಸುತ್ತಿದ್ದ ಉದ್ರೇಕಕಾರಿ ಕೋಶಗಳೇ ತಡೆಯುವ ಕೋಶಗಳಾಗಿ ಬದಲಾದವು. ಇಲಿಗಳ ನರನೋವು ಕ್ರಮೇಣ ಪೂರ್ತಿ ಇಳಿದು, ಕಡಿಮೆಯೆಂದರೂ ಎರಡೂವರೆ ತಿಂಗಳು ಹಾಗೇ ಇತ್ತು. ಆರೋಗ್ಯವಂತ ಇಲಿ, ಹಂದಿ, ಕೋತಿ ಜಾತಿಯ ಪ್ರಾಣಿಗಳಲ್ಲಿ 2ರಿಂದ 13 ತಿಂಗಳವರೆಗೆ ನೋಡಿದರೂ ಮಂಪರು, ಕಾಲಿನ ನಿಶ್ಶಕ್ತಿ, ಸ್ಪರ್ಶದ ನಷ್ಟ ಕಾಣಲಿಲ್ಲ. ಇಲಿಯ ಆಚೆಗೂ ಸುರಕ್ಷತೆ ನೋಡಿದ್ದು ಈ ಕೆಲಸದ ಹೆಚ್ಚುಗಾರಿಕೆ.

ಕೊಲರಾಡೊದ ಲಿಂಡಾ ವಾಟ್ಕಿನ್ಸ್ ಇನ್ನೊಂದು ಕೋನ ಹಿಡಿದರು. ನರಕೋಶಗಳ ಸುತ್ತಲಿನ ಗ್ಲಿಯಾ ಕೋಶಗಳ ಉರಿಯೂತವೇ ನೋವನ್ನು ಊದಿ ದೊಡ್ಡದು ಮಾಡುತ್ತದೆಂಬುದು ಅವರ ವಾದ. ಉರಿಯೂತ ಇಳಿಸುವ ಐಎಲ್-10 ಜೀನನ್ನು ಮೊದಲು ವೈರಸ್ಸಿನಲ್ಲಿ ಕಳಿಸಿದರು, ಮುಂದೆ ವೈರಸ್ ಕೈಬಿಟ್ಟು ಬರೀ ಡಿಎನ್‌ಎ ಉಂಗುರಗಳನ್ನೇ ಬಳಸಿದರು. ಕೊರಿಯಾದ ಹೆಲಿಕ್ಸ್‌ಮಿತ್ ಕಂಪನಿಯೂ ಸಕ್ಕರೆ ಕಾಯಿಲೆಯ ನರನೋವಿಗೆ ವೈರಸ್ಸಿಲ್ಲದ ಇಂಥದೇ ಡಿಎನ್‌ಎ ಮದ್ದನ್ನು ಮೂರನೇ ಹಂತದವರೆಗೆ ಒಯ್ದಿತು. 2019ರಲ್ಲಿ ಅದೂ ಗುರಿ ಮುಟ್ಟಲಿಲ್ಲ.

ಮೂಲದಲ್ಲೇ ಆರಿಸುವ ದಾರಿ

ಮೂರನೆಯ ಯೋಚನೆ ಹುಟ್ಟಿದ್ದು ಪಾಕಿಸ್ತಾನದ ಕೆಲವು ಕುಟುಂಬಗಳಿಂದ. ಅಲ್ಲಿಯ ಒಬ್ಬ ಹುಡುಗ ಬೀದಿಯಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಜನರನ್ನು ಬೆರಗುಗೊಳಿಸುತ್ತಿದ್ದ. ಅವನಿಗೆ ನೋವೆಂಬುದೇ ಗೊತ್ತಿರಲಿಲ್ಲ. ಹದಿನಾಲ್ಕು ತುಂಬುವ ಮೊದಲೇ ಮಾಳಿಗೆಯಿಂದ ಜಿಗಿದು ಸತ್ತ. 2006ರಲ್ಲಿ ಕೇಂಬ್ರಿಡ್ಜಿನ ಜೆಫ್ರಿ ವುಡ್ಸ್ ತಂಡ 'ನೇಚರ್' ಪತ್ರಿಕೆಯಲ್ಲಿ ಕಾರಣ ಬಿಡಿಸಿಟ್ಟಿತು. ಈ ಕುಟುಂಬಗಳಲ್ಲಿ ಎಸ್‌ಸಿಎನ್9ಎ ಎಂಬ ಜೀನ್ ಕೆಟ್ಟಿತ್ತು, ಅದರಿಂದ ನ್ಯಾವ್1.7 ಎಂಬ ಸೋಡಿಯಂ ಕಾಲುವೆ ನರದಲ್ಲಿ ಕೆಲಸ ಮಾಡುತ್ತಿರಲಿಲ್ಲ. ಅಷ್ಟು ಹೊತ್ತಿಗೆ, ಇದೇ ಜೀನ್ ಅತಿ ಚುರುಕಾದರೆ ಕೈಕಾಲು ಕೆಂಪೇರಿ ಸುಡುವ ಕಾಯಿಲೆ ಬರುತ್ತದೆಂಬುದು 2004ರಿಂದಲೇ ತಿಳಿದಿತ್ತು.

ಔಷಧ ಕಂಪನಿಗಳು ನ್ಯಾವ್1.7ರ ಹಿಂದೆ ಬಿದ್ದವು. ಆದರೆ ಹೃದಯ, ಸ್ನಾಯು, ಮಿದುಳುಗಳಲ್ಲಿರುವ ಅದರ ಸೋದರ ಕಾಲುವೆಗಳನ್ನು ಮುಟ್ಟದೆ ಇದೊಂದನ್ನೇ ಮುಚ್ಚುವ ಮಾತ್ರೆ ಅವರಿಗೆ ಒಲಿಯಲಿಲ್ಲ. ಸ್ಯಾನ್ ಡಿಯಾಗೊದಲ್ಲೇ ಅನಾ ಮೊರೆನೊ ಮತ್ತು ಮುಂಬೈ ಐಐಟಿಯಲ್ಲಿ ಓದಿದ ಪ್ರಶಾಂತ್ ಮಾಲಿ ಬೇರೆ ಉಪಾಯ ಹೂಡಿದರು. ಜೀನನ್ನು ಕತ್ತರಿಸದೆ, ಅದರ ಮೇಲೆ ಕೂತು ಬಾಯಿ ಮುಚ್ಚಿಸುವಂತೆ ತಿದ್ದಿದ ಕ್ರಿಸ್ಪರ್ ಮತ್ತು ಜಿಂಕ್ ಫಿಂಗರ್ ಪ್ರೋಟೀನುಗಳನ್ನು ಎಎವಿಯಲ್ಲಿ ತುಂಬಿ ಇಲಿಯ ಬೆನ್ನುಹುರಿಯ ಸುತ್ತಲ ದ್ರವಕ್ಕೆ ಬಿಟ್ಟರು. 2021ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಉರಿಯೂತದ ನೋವು 44 ವಾರದವರೆಗೆ, ಕೀಮೋ ಮದ್ದಿನಿಂದ ಬಂದ ನರನೋವು 15 ವಾರದವರೆಗೆ ತಗ್ಗಿತ್ತು. ಜೀನ್ ಬರಹ ಬದಲಾಗದೆ ಉಳಿಯುವುದು ಇದರ ಜಾಣತನ.

ಆದರೂ ನೋವನ್ನು ಇಷ್ಟು ದೀರ್ಘಕಾಲ ಆರಿಸಿಡಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ಪಾಕಿಸ್ತಾನದ ಆ ಹುಡುಗನ ಬದುಕೇ ಅದರ ಅಪಾಯ ಹೇಳುತ್ತದೆ. ಆಕ್ಸ್‌ಫರ್ಡಿನ ಡೇವಿಡ್ ಬೆನೆಟ್ ತಂಡದ ದಾರಿ ಇಲ್ಲಿ ಗಮನಾರ್ಹ. 2017ರಲ್ಲಿ ಅವರು ಎಎವಿ ಮೂಲಕ ಇಲಿಯ ನರಗಳಿಗೆ ಒಂದು ಕೃತಕ ಕ್ಲೋರೈಡ್ ಕಾಲುವೆ ಕೂರಿಸಿದರು. ಹುಳುಮದ್ದೆಂದು ಹೆಸರಾದ ಐವರ್ಮೆಕ್ಟಿನ್ ಕೊಟ್ಟಾಗಷ್ಟೇ ಅದು ತೆರೆದು ನರವನ್ನು ಸುಮ್ಮನಾಗಿಸುತ್ತದೆ, ಮದ್ದು ಮೈಯಿಂದ ಇಳಿದರೆ ನರ ಮತ್ತೆ ಎಚ್ಚರಗೊಳ್ಳುತ್ತದೆ. ಚಿಕಿತ್ಸೆ ಶಾಶ್ವತ, ಸ್ವಿಚ್ ಮಾತ್ರ ರೋಗಿಯ ಕೈಯಲ್ಲಿ.

ದಾಟಬೇಕಾದ ಹೊಳೆಗಳು

ಮೊದಲ ಅಡ್ಡಿ ಸುರಕ್ಷತೆಯದು. ಎಎವಿಯನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಕೋತಿ, ಹಂದಿಗಳ ನರಗಂಟುಗಳಿಗೇ ಹಾನಿಯಾದದ್ದು ಕಂಡುಬಂದಿದೆ. 2019ರ ಅಕ್ಟೋಬರಿನಲ್ಲಿ ಅಮೆರಿಕದ ಎಫ್‌ಡಿಎ ಇದೇ ಕಾರಣಕ್ಕೆ ಬೆನ್ನುಹುರಿಯ ದ್ರವಕ್ಕೆ ಎಎವಿ ಕೊಡುವ ಒಂದು ಪ್ರಯೋಗಕ್ಕೆ ಭಾಗಶಃ ತಡೆ ಹಾಕಿತ್ತು. ನೋವಿನ ಚಿಕಿತ್ಸೆಯ ಗುರಿಯೇ ಆ ಗಂಟುಗಳಾಗಿರುವಾಗ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇನ್ನು ಅನೇಕ ವಯಸ್ಕರಲ್ಲಿ ಎಎವಿ ವಿರುದ್ಧದ ಪ್ರತಿಕಾಯಗಳು ಮೊದಲೇ ಇರುತ್ತವೆ. ಅಂಥವರ ಮೈಯಲ್ಲಿ ಮದ್ದು ಗುರಿ ಮುಟ್ಟುವ ಮೊದಲೇ ಸೋಲಬಹುದು. ಒಮ್ಮೆ ಪಡೆದವರಿಗೆ ಅದೇ ವೈರಸ್ಸನ್ನು ಎರಡನೇ ಸಲ ಕೊಡುವುದೂ ಕಷ್ಟ.

ಎರಡನೆಯ ಅಡ್ಡಿ ಅಳತೆಯದು. ಇಲಿಯ ಪಾದಕ್ಕೆ ಸಣ್ಣ ನೈಲಾನ್ ಎಳೆ ಒತ್ತಿ, ಅದು ಕಾಲು ಎಳೆದುಕೊಂಡಿತೇ ಎಂದು ನೋಡುವುದು ಪ್ರಯೋಗಾಲಯದ ವಾಡಿಕೆ. ರೋಗಿಯನ್ನು ನಿದ್ದೆಗೆಡಿಸುವುದು ಇಂಥ ಒತ್ತಡದ ನೋವಷ್ಟೇ ಅಲ್ಲ, ಯಾರೂ ಮುಟ್ಟದಿದ್ದರೂ ತಾನಾಗಿ ಏಳುವ ಉರಿ. ಅದನ್ನು ಇಲಿ ಹೇಳಲಾರದು. ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಬೆಲೆ. ಮಕ್ಕಳ ಸ್ನಾಯುರೋಗಕ್ಕೆ ಬಂದ ಜೋಲ್ಜೆನ್ಸ್ಮಾದ ಬೆಲೆ ಅಮೆರಿಕದಲ್ಲಿ 21.25 ಲಕ್ಷ ಡಾಲರ್ ಇತ್ತು. ಜೀವ ಉಳಿಸುವ, ಕೆಲವೇ ಮಕ್ಕಳಿಗೆ ಬೇಕಾದ ಮದ್ದಿಗೆ ಸರ್ಕಾರಗಳು ಅಷ್ಟು ತೆರಬಹುದು. ಕೋಟ್ಯಂತರ ಜನರ ನೋವಿಗೆ ಆ ಲೆಕ್ಕ ನಡೆಯದು. 2023ರ ಐಸಿಎಂಆರ್ ಅಧ್ಯಯನದ ಪ್ರಕಾರ ಭಾರತದಲ್ಲಿ ಸಕ್ಕರೆ ಕಾಯಿಲೆಯವರೇ 10.1 ಕೋಟಿ. ನಮ್ಮಲ್ಲಿ ಜೀನ್ ಚಿಕಿತ್ಸೆಗೆ 2019ರಿಂದ ರಾಷ್ಟ್ರೀಯ ಮಾರ್ಗಸೂಚಿಯಿದೆ. ಬೆಂಗಳೂರಿನ ಇನ್‌ಸ್ಟೆಮ್‌ನ ಘಟಕವಾದ ವೆಲ್ಲೂರಿನ ಸ್ಟೆಮ್ ಸೆಲ್ ಸಂಶೋಧನಾ ಕೇಂದ್ರ, ಸಿಎಂಸಿ ಆಸ್ಪತ್ರೆಯ ಜೊತೆಗೂಡಿ ಹಿಮೋಫಿಲಿಯಾ ಎ ಇದ್ದ ಐವರಿಗೆ ವೈರಸ್ ವಾಹಕದ ನೆರವಿನಿಂದ ಚಿಕಿತ್ಸೆ ನೀಡಿ 2024ರಲ್ಲಿ ಫಲಿತಾಂಶ ಪ್ರಕಟಿಸಿದೆ. ಇಂಥ ಕೆಲಸ ದೇಶದೊಳಗೇ ಬೇರೂರಿದರೆ ಬೆಲೆಯ ಮಾತು ಮುಂದೊಂದು ದಿನ ಬದಲಾದೀತು.

ಐವತ್ತು ವರ್ಷಗಳ ಈ ಹಾದಿಯಲ್ಲಿ ಗುರಿ ಎರಡು ಸಲ ಬದಲಾಗಿದೆ: ಮೊದಲು ನೋವುನಿವಾರಕ ಸೇರಿಸುವುದು, ಆಮೇಲೆ ತಡೆ ಮರಳಿಸುವುದು, ಈಗ ಬೇಕೆಂದಾಗ ಮಾತ್ರ ನರವನ್ನು ಮಲಗಿಸುವುದು. ಇವುಗಳಲ್ಲಿ ಮೂರನೆಯದೇ ಹೆಚ್ಚು ಭರವಸೆಯದೆಂದು ನನಗೆ ತೋರುತ್ತದೆ. ನೋವು ಶತ್ರುವೂ ಹೌದು, ಕಾವಲೂ ಹೌದು ಎಂಬುದನ್ನು ಮರೆಯದ ದಾರಿ ಅದೊಂದೇ. ಆದರೆ ನರನೋವಿಗೆ ಒಪ್ಪಿಗೆ ಪಡೆದ ವೈರಸ್ ಚಿಕಿತ್ಸೆ ಇಂದು ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಇಲ್ಲ. ಇದೆಯೆಂದು ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ. ಸಕ್ಕರೆಯನ್ನು ಹತೋಟಿಯಲ್ಲಿಡಿ, ಐವತ್ತು ದಾಟಿದ್ದರೆ ಸರ್ಪಸುತ್ತಿನ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ, ಪಾದ ಉರಿಯತೊಡಗಿದರೆ ತಡಮಾಡದೆ ತೋರಿಸಿ. ನರ ಕೆಟ್ಟ ಮೇಲೆ ತಿದ್ದುವುದಕ್ಕಿಂತ ಕೆಡದಂತೆ ಕಾಯುವುದು ಈಗಲೂ ಅಗ್ಗ, ಈಗಲೂ ಖಚಿತ.