ಹದಿನಾಲ್ಕು ಕ್ಯಾರೆಟ್ಟಿನ ಕಥೆ

ಊರಿಗೆ ಹೊರಡೋ ಮುಂಚೆ ಅಮ್ಮನಿಗೆ ಫೋನ್ ಮಾಡಿದ್ದೆ. "ಎರಡೆಳೆ ಸರ ತರ್ತೀನಿ ಅಂದಿದ್ದೆನಲ್ಲಮ್ಮ, ರೇಟು ಈ ಪರಿ ಏರಿದೆ. ದುಬೈಯಲ್ಲಿ ಹದಿನಾಲ್ಕು ಕ್ಯಾರೆಟ್ಟಿಂದೂ ಸಿಗತ್ತೆ, ನೋಡೋಕೆ ಚೆನ್ನಾಗಿರತ್ತೆ, ತರ್ಲಾ?" ಅಂದೆ.

"ಅದೂ ಒಂದು ಚಿನ್ನವೇನೋ? ನಿಮ್ಮಜ್ಜಿ ಕಾಲದಲ್ಲಿ ಸರ್ಕಾರವೇ ಅದನ್ನ ಹಾಕ್ಕೊಳ್ಳಿ ಅಂತ ಹೇಳಿತ್ತು. ಯಾರು ಕೇಳಿದ್ರು?" ಅಂದ್ಲು.

ತಮಾಷೆ ಮಾಡ್ತಿದಾಳೆ ಅಂದ್ಕೊಂಡೆ. ಹುಡುಕಿ ಓದಿದ್ರೆ, ನಿಜ!

1962ರ ಚೀನಾ ಯುದ್ಧದ ಹೊತ್ತಿಗೆ ದೇಶದ ವಿದೇಶಿ ವಿನಿಮಯ ತೀರಾ ಕಡಿಮೆಯಾಗಿತ್ತು. 1963ರ ಜನವರಿಯಲ್ಲಿ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮಗಳನ್ನು ತಂದರು. ಹೊಸದಾಗಿ ಮಾಡುವ ಒಡವೆ 14 ಕ್ಯಾರೆಟ್ ಮೀರಕೂಡದು. ಅಂದ್ರೆ ನೂರಕ್ಕೆ ಸುಮಾರು 58 ಭಾಗ ಮಾತ್ರ ಚಿನ್ನ, ಮಿಕ್ಕಿದ್ದು ತಾಮ್ರ ಗೀಮ್ರ. ಜನ ಚಿನ್ನದ ಮೋಹ ಬಿಡ್ತಾರೆ, ಬೆಲೆ ಇಳಿಯುತ್ತೆ, ಕಳ್ಳಸಾಗಣೆ ತಾನಾಗೇ ನಿಲ್ಲುತ್ತೆ ಅನ್ನೋದು ಲೆಕ್ಕ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದ್ರೆ, ರಿಕ್ವೈರ್‌ಮೆಂಟ್ ಕೇಳದೇ ಬರೆದ ಕೋಡು :-)

ಯಾಕಂದ್ರೆ ಅದು ಬರೀ ಮೋಹ ಆಗಿರಲಿಲ್ಲ. ಹೊಲ ಗದ್ದೆ ಗಂಡುಮಕ್ಕಳ ಪಾಲಿಗೆ ಹೋಗ್ತಿತ್ತು. ಹೆಣ್ಣುಮಗಳಿಗೆ ತನ್ನದು ಅಂತ ಇದ್ದದ್ದು ಮೈಮೇಲಿನ ಒಡವೆ. ಸ್ತ್ರೀಧನ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮಾತ್ರಕ್ಕೆ ಊರ ಪದ್ಧತಿ ಏಳೇ ವರ್ಷದಲ್ಲಿ ಬದಲಾಗತ್ತಾ? ಬರಗಾಲವೋ ಕಾಯಿಲೆಯೋ ಬಂದ್ರೆ ಒರೆಗಲ್ಲಿಗೆ ಉಜ್ಜಿದ ಕೂಡಲೇ ದುಡ್ಡು ಹುಟ್ಟಬೇಕು. ಅಂಥ ಕಡೆ ಅರ್ಧ ತಾಮ್ರದ ಬಳೆ ತಗೊಂಡು ಏನು ಮಾಡೋದು?

ಪೆಟ್ಟು ಬಿದ್ದಿದ್ದು ಅಕ್ಕಸಾಲಿಗರಿಗೆ. ಲಕ್ಷಗಟ್ಟಲೆ ಜನ ಕೆಲಸ ಕಳ್ಕೊಂಡ್ರು, ಕೆಲವರು ಪ್ರಾಣವನ್ನೇ ಕಳ್ಕೊಂಡ್ರು. 1966ರಲ್ಲಿ 14 ಕ್ಯಾರೆಟ್ಟಿನ ಮಿತಿ ತೆಗೆದರು. ಆದ್ರೆ 1968ರಲ್ಲಿ ಇನ್ನೊಂದು ಕಾಯ್ದೆ ಬಂತು: ಮನೆಯಲ್ಲಿ ಒಡವೆ ಇಟ್ಕೋಬಹುದು, ಗಟ್ಟಿ ಇಟ್ಕೊಳ್ಳೋ ಹಾಗಿಲ್ಲ. ಅಕ್ಕಸಾಲಿಗ 100 ಗ್ರಾಂಗಿಂತ ಹೆಚ್ಚು ಇಟ್ಕೊಂಡ್ರೆ ತಪ್ಪು. ಇದು 1990ರ ತನಕ ಇತ್ತು.

ಈ ಇಪ್ಪತ್ತೇಳು ವರ್ಷದ ಲಾಭ ಯಾರಿಗಾಯ್ತು ಅಂತ ನೋಡಬೇಕಾದ್ರೆ ನಾನಿರೋ ಊರಿಗೇ ಬರಬೇಕು. ದುಬೈಗೆ ಚಿನ್ನ ತರೋದೂ ಕಳಿಸೋದೂ ತಪ್ಪಲ್ಲ. ಲಂಡನ್, ಜ್ಯೂರಿಕ್‌ನಿಂದ ಬಂದ ಹತ್ತು ತೊಲದ ಬಿಸ್ಕತ್ತುಗಳು, ತಲಾ 116 ಗ್ರಾಂ ಚಿಲ್ಲರೆ, ಮರದ ಹಡಗು ಹತ್ತಿ ಬೊಂಬಾಯಿ ಕಡೆಗೆ ಹೋಗ್ತಿದ್ವು. ಆ ದಡ ಮುಟ್ಟಿದ ಮೇಲಷ್ಟೇ ಅದು ಕಳ್ಳಮಾಲು. ಇದಕ್ಕೂ ಮುಂಚಿನದು ಇನ್ನೂ ಮಜಾ. ಇಲ್ಲೆಲ್ಲ ಆಗ ಓಡ್ತಿದ್ದದ್ದು ನಮ್ಮ ರೂಪಾಯಿನೇ. ಚಿನ್ನಕ್ಕೆ ಕೊಟ್ಟ ನೋಟುಗಳು ವಾಪಸ್ ಬಂದು ವಿದೇಶಿ ವಿನಿಮಯ ಕರಗಿಸ್ತಿದ್ವು ಅಂತ 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೇ ಬೇರೆ ರೂಪಾಯಿ ನೋಟು ಅಚ್ಚು ಹಾಕಿಸಿತು! ಈಗ ದೇರಾದ ಗೋಲ್ಡ್ ಸೂಕ್‌ನಲ್ಲಿ ಅಡ್ಡಾಡುವಾಗೆಲ್ಲ ಇದರಲ್ಲಿ ಅಜ್ಜಿಯ ಹಠದ್ದೂ ಪಾಲಿದೆ ಅನ್ಸುತ್ತೆ.

1991ರಲ್ಲಿ ದೇಶದ ಖಜಾನೆ ಬರಿದಾದಾಗ ಸರ್ಕಾರ ಮೊದಲು ಸ್ವಿಟ್ಜರ್ಲೆಂಡಿಗೆ ಕಳಿಸಿದ 20 ಟನ್ ಯಾವುದು ಗೊತ್ತಾ? ಕಳ್ಳಸಾಗಣೆದಾರರಿಂದ ಜಪ್ತಿ ಮಾಡಿದ್ದ ಚಿನ್ನ. ಆಮೇಲೆ ಇನ್ನೂ 47 ಟನ್ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಅಡ ಇಟ್ಟರು. ಅಷ್ಟು ವರ್ಷ ಜನಕ್ಕೆ ಬುದ್ಧಿ ಹೇಳಿದವರೂ ಕಷ್ಟ ಬಂದಾಗ ಮಾಡಿದ್ದು ಅದನ್ನೇ.

ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಫೀಸಿಗೆ ಅಂತ ಅಮ್ಮ ಬಳೆ ತಗೊಂಡು ಬ್ಯಾಂಕಿಗೆ ಹೋಗಿದ್ಲು, ಜೊತೆಗೆ ನಾನೂ ಇದ್ದೆ. ಒಂದು ಗಂಟೆಯಲ್ಲಿ ಕೆಲಸ ಮುಗೀತು. ಯಾಕೆ ಬೇಕು ಅಂತಾನೂ ಯಾರೂ ಕೇಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಸೆರಗಿನಲ್ಲಿ ಕೈ ಮುಚ್ಕೊಂಡು ಕೂತಿದ್ಲು.

ನಿನ್ನೆ ಸೂಕ್‌ಗೆ ಹೋಗಿದ್ದೆ. 22 ಕ್ಯಾರೆಟ್ಟಿನದೇ ತಗೊಂಡೆ, 916 ಮುದ್ರೆ ಇರೋದು. ಎರಡೆಳೆ ಅಲ್ಲ, ಒಂದೆಳೆ.